ಮೊದಲ ಮೆಟ್ಟಿಲ ಮೇಲೇ ನಿಲ್ಲಿಸಬ್ಯಾಡ್ರಿ

ಹಾಸ್ಟೆಲ್ ಗೆಳೆಯರೆ,

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ದೇಶವೆಲ್ಲ ಚಪ್ಪಾಳೆ ಹೊಡೆಯಿತು, ನಾವೂ ಹೊಡೆದೆವು. ಚಪ್ಪಾಳೆ ಮುಗಿದ ಮೇಲೆ ಎರಡು ಪ್ರಶ್ನೆ ಉಳೀತಾವ. ಅಕ್ಕೋಳದಂಥ ಊರಿನ ಕೇರಿಯಿಂದ ಆ ಕೆಲಸಕ್ಕೆ ದಾರಿ ಅದ ಏನು? ಇದ್ದರೆ ಅಲ್ಲಿ ನಮಗೆ ಎಲ್ಲಿಯವರೆಗೆ ಜಾಗ?

ಮೊದಲು ದಾರಿಯ ಮಾತು. ರಾಕೆಟ್ ಅಂದ್ರ ಮಂತ್ರ ಅಲ್ಲ. ಲೋಹ ಕಡಿಯೋದು, ಬೆಸುಗೆ ಹಾಕೋದು, ಟ್ಯಾಂಕು, ವಾಲ್ವು, ಪಂಪು, ಶಾಖ ತಡೆಯೋದು, ನಡುಕ ತಡೆಯೋದು. ಇದು ಮೆಕ್ಯಾನಿಕಲ್ ಇಂಜಿನಿಯರನ ಕೆಲಸ. 2025ರಲ್ಲಿ ಇಸ್ರೋ ಕರೆದ 320 ಇಂಜಿನಿಯರ್ ಹುದ್ದೆಗಳಲ್ಲಿ 160 ಮೆಕ್ಯಾನಿಕಲ್ ಓದಿದವರಿಗೇ ಇದ್ದವು. ಕೇಳಿದ್ದು ಬಿ.ಇ.ಯಲ್ಲಿ ಶೇ. 65 ಅಂಕ, ಲಿಖಿತ ಪರೀಕ್ಷೆ, ಸಂದರ್ಶನ.

'ಅದು ದೊಡ್ಡ ಕಾಲೇಜಿನವರಿಗೆ' ಅಂತಾರ. ನಂಬಬ್ಯಾಡ್ರಿ. ಚಂದ್ರಯಾನ-3ರ ಯೋಜನಾ ನಿರ್ದೇಶಕ ಪಿ. ವೀರಮುತ್ತುವೇಲ್ ತಮಿಳುನಾಡಿನ ವಿಲ್ಲುಪುರಂನ ರೈಲ್ವೆ ತಂತ್ರಜ್ಞರೊಬ್ಬರ ಮಗ. ಮೊದಲು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. 2025ರ ಜನವರಿಯಲ್ಲಿ ಇಸ್ರೋ ಅಧ್ಯಕ್ಷರಾದ ವಿ. ನಾರಾಯಣನ್ ಕೂಡ ಮೆಕ್ಯಾನಿಕಲ್ ಡಿಪ್ಲೊಮಾದಿಂದಲೇ ಶುರು ಮಾಡಿದವರು, 1984ರಲ್ಲಿ ಇಸ್ರೋ ಸೇರಿದವರು. ನಮ್ಮಲ್ಲೂ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ನೇರ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ದಾರಿ ಅದ.

ಈಗ ಜಾಗದ ಮಾತು. ಇಸ್ರೋದಲ್ಲಿ ಇಂಜಿನಿಯರನ ಮೊದಲ ಮೆಟ್ಟಿಲಿನ ಹೆಸರು 'ಸೈಂಟಿಸ್ಟ್/ಇಂಜಿನಿಯರ್ ಎಸ್‌ಸಿ'. ಹೆಸರು ಕೇಳಿ ಹಿಗ್ಗಬ್ಯಾಡ್ರಿ, ಅದು ಜಾತಿ ಅಲ್ಲ, ದರ್ಜೆ. ಅದರ ಮೇಲೆ ಎಸ್‌ಡಿ, ಎಸ್‌ಇ, ಎಸ್‌ಎಫ್, ಎಸ್‌ಜಿ ಅಂತ ಮೆಟ್ಟಿಲು ಏರುತ್ತವೆ. ಮೀಸಲಾತಿ ಸಿಗೋದು ಕೆಳಗಿನ ಮೆಟ್ಟಿಲಿನ ನೇಮಕದಲ್ಲಿ. ಸಂಶೋಧನೆ ಮಾಡುವ, ಮಾಡಿಸುವ ಹುದ್ದೆಗಳಲ್ಲಿ 'ಎ' ಗುಂಪಿನ ಕೊನೆಯ ದರ್ಜೆ ಬಿಟ್ಟು ಮೇಲಿನವನ್ನು ಮೀಸಲಾತಿಯ ಹೊರಗಿಡಲು 1975ರ ಕೇಂದ್ರ ಸರ್ಕಾರದ ಆದೇಶವೇ ದಾರಿ ಮಾಡಿತು. 1992ರ ನವೆಂಬರ್ 16ರ ಮಂಡಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅಣುಶಕ್ತಿ, ಬಾಹ್ಯಾಕಾಶ ಎಂದು ಹೆಸರು ಹಿಡಿದೇ, ಅಲ್ಲಿನ ತಾಂತ್ರಿಕ ಹುದ್ದೆಗಳಿಗೆ ಮೀಸಲಾತಿ ಸೂಕ್ತವಲ್ಲ ಎಂಬ ಅಭಿಪ್ರಾಯ ಕೊಟ್ಟು, ತೀರ್ಮಾನವನ್ನು ಸರ್ಕಾರಕ್ಕೆ ಬಿಟ್ಟಿತು.

ಯಾಕೆ ಅಂದ್ರ 'ಪ್ರತಿಭೆ' ಅಂತಾರ. ಹನಿ ನೀರು ಸೋರದ ಹಾಗೆ ತೊಗಲಿನ ಚೀಲ ಹೊಲಿದು ಬಾವಿಯಿಂದ ಊರಿನ ಹೊಲಕ್ಕೆಲ್ಲ ನೀರು ಹಾಯಿಸಿಕೊಟ್ಟವರು ಯಾರು? ಅವರ ಮೊಮ್ಮಕ್ಕಳಿಗೆ ಇಂಧನ ಸೋರದ ಟ್ಯಾಂಕು ಬೆಸೆಯೋ ಬುದ್ಧಿ ಇಲ್ಲವೇನು? ಬೆಸೆಯೋ ಕೈ ಬೇಕು, ಮೇಜಿನ ಆ ಕಡೆ ಕೂಡೋ ತಲೆ ಬ್ಯಾಡ ಅನ್ನೋದು ಯಾವ ವಿಜ್ಞಾನ?

ಇನ್ನೊಂದು ಪೆಟ್ಟು ಸದ್ದಿಲ್ಲದೆ ಬೀಳ್ತಾ ಅದ. 2020ರಲ್ಲಿ ಬಾಹ್ಯಾಕಾಶದ ಬಾಗಿಲು ಖಾಸಗಿಯವರಿಗೆ ತೆರೆಯಿತು. 2022ರಲ್ಲಿ ಐದು ಪಿಎಸ್‌ಎಲ್‌ವಿ ಕಟ್ಟುವ ಗುತ್ತಿಗೆ ಎಚ್‌ಎಎಲ್ ಮತ್ತು ಎಲ್ ಆಂಡ್ ಟಿ ಜೋಡಿಗೆ ಹೋಯಿತು. ಎಚ್‌ಎಎಲ್ ಸರ್ಕಾರದ್ದು, ಅಲ್ಲಿ ಮೀಸಲಾತಿ ಅದ. ಖಾಸಗಿ ಕಂಪನಿಗೆ ಆ ಕಟ್ಟಳೆ ಇಲ್ಲ. ಹಣ ಜನರದು, ರಾಕೆಟ್ ದೇಶದ್ದು, ಕೆಲಸ ಮಾತ್ರ ಮಾಲೀಕನ ಮರ್ಜಿಯದು. ದೂರ ಯಾಕ, ನಿಪ್ಪಾಣಿಯಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗಳಿವೆ. ಅಲ್ಲಿ ನಮ್ಮವರು ಎಷ್ಟು ಮಂದಿ ಅಂತ ಕೇಳುವ ಹಕ್ಕು ಯಾವ ಕಾಯ್ದೆಯಲ್ಲಿದೆ?

ಬಾಬಾಸಾಹೇಬರು 1925ರಲ್ಲಿ ಇದೇ ನಿಪ್ಪಾಣಿಯಲ್ಲಿ ನಿಂತು ಮಾತಾಡಿದರು. ಅದೇ ವರ್ಷ ಅವರ ಬಹಿಷ್ಕೃತ ಹಿತಕಾರಿಣಿ ಸಭಾ ಸೊಲ್ಲಾಪುರದಲ್ಲಿ ನಮ್ಮ ಹುಡುಗರಿಗೆ ಹಾಸ್ಟೆಲ್ ತೆರೆಯಿತು. 1942ರಲ್ಲಿ ವೈಸರಾಯರ ಮುಂದೆ ವಿಜ್ಞಾನ, ತಾಂತ್ರಿಕ ಓದಿಗೆ ವಿದ್ಯಾರ್ಥಿವೇತನ ಕೇಳಿದರು. ಬರೀ ಗುಮಾಸ್ತಿಕೆ ಕೇಳಲಿಲ್ಲ.

ಆದ್ದರಿಂದ ನಾವು ಕೇಳೋದು ಇಷ್ಟು. ಮೇಲಿನ ದರ್ಜೆಗಳಲ್ಲೂ ಪಾಲು ಬೇಕು. ಸರ್ಕಾರದ ಗುತ್ತಿಗೆ, ಭೂಮಿ, ರಿಯಾಯಿತಿ ಪಡೆದ ಕಂಪನಿಗಳಲ್ಲಿ ಮೀಸಲಾತಿ ಬೇಕು. ಯಾವ ದರ್ಜೆಯಲ್ಲಿ ನಮ್ಮವರು ಎಷ್ಟಿದ್ದಾರೆ ಅನ್ನೋ ಲೆಕ್ಕ ಬಹಿರಂಗ ಆಗಬೇಕು.

ಅಲ್ಲಿಯವರೆಗೆ ಸುಮ್ಮನೆ ಕೂಡಬ್ಯಾಡ್ರಿ. ಬೀಡಿ ಕಟ್ಟಿ, ತಂಬಾಕಿನ ಘಾಟು ಕುಡಿದು ಓದಿಸುವ ತಾಯಂದಿರು ನಮ್ಮವರು. ಗಣಿತ ಬಿಡಬ್ಯಾಡ್ರಿ, ವರ್ಕ್‌ಶಾಪ್ ತಪ್ಪಿಸಬ್ಯಾಡ್ರಿ, ಪರೀಕ್ಷೆಗೆ ಅರ್ಜಿ ಹಾಕ್ರಿ. ಸಭೆಗೂ ಬರ್ರಿ. ಎರಡೂ ಬೇಕು.

ಜೈಭೀಮ್.