ಕಾಯೋದಕ್ಕೂ ಬಂಡವಾಳ ಬೇಕು

ವ್ಯಾಪಾರದ ಬಗ್ಗೆ ಬರೆಯುವ ವಿದ್ಯಾರ್ಥಿಗೆ ಒಂದು ದೊಡ್ಡ ಅನುಕೂಲ ಇದೆ. ತನ್ನ ಜೇಬಿನಿಂದ ಒಂದು ರೂಪಾಯಿಯನ್ನೂ ಹಾಕದೆ ಬೇರೆಯವರ ಬಂಡವಾಳದ ಬಗ್ಗೆ ಅಭಿಪ್ರಾಯ ಹೇಳಬಹುದು. ಎಂ.ಕಾಂ. ಓದುತ್ತಾ ನಾನು ಉದ್ಯಮ, ಉದ್ಯಮಿಗಳ ಬಗ್ಗೆ ಬರೆಯೋಕೆ ಶುರು ಮಾಡಿ ಎರಡು ವರ್ಷ ಆಯ್ತು. 1981ರಲ್ಲಿ ಹತ್ತು ಸಾವಿರ ರೂಪಾಯಿಯಿಂದ ಶುರುವಾದ ಇನ್ಫೋಸಿಸ್, 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಹಾರಿಸಿದ ಏರ್ ಡೆಕ್ಕನ್, ಇಂಥ ಕಥೆಗಳನ್ನು ಬರೆಯೋದೂ ಸುಲಭ, ಓದೋದಕ್ಕೂ ಹುರುಪು. ಇವನ್ನು ಓದಿ ಯಾರಾದರೂ ನಿಜವಾಗಿಯೂ ಸಾಲ ಮಾಡಲು ಹೊರಟರೆ ಏನು ಹೇಳಬೇಕು ಅನ್ನೋ ಪ್ರಶ್ನೆ ನನ್ನ ಮುಂದೆ ಬಂದಿರಲಿಲ್ಲ. ಈ ವರ್ಷ ಬಂತು, ಅದೂ ನಮ್ಮ ಓಣಿಯಿಂದಲೇ.

ನಮ್ಮೂರು ರಾಯಚೂರು ಜಿಲ್ಲೆಯ ಬಾಗಲವಾಡ. ಊರಿನ ಮಹಿಳಾ ಸ್ವಸಹಾಯ ಸಂಘದಲ್ಲಿ ಹತ್ತು ಮಂದಿ ಇದ್ದಾರೆ. ಸಂಘದ ಲೆಕ್ಕಪತ್ರ ನೋಡಿಕೊಳ್ಳೋದು ನಮ್ಮ ಚಿಗವ್ವ; ನಮ್ಮವ್ವನೂ ಸದಸ್ಯೆ. ಒಂದು ವರ್ಷದಿಂದ ಇವರು ಮನೆಗೆಲಸದ ನಡುವೆ ತಲಾ ಮೂವತ್ತರಂತೆ ದಿನಕ್ಕೆ 300 ಖಡಕ್ ರೊಟ್ಟಿ ಬಡಿದು ರಾಯಚೂರಿನ ಎರಡು ಖಾನಾವಳಿಗಳಿಗೆ ಕಳಿಸುತ್ತಾರೆ. ರೊಟ್ಟಿ ಮಾಡುವ ಯಂತ್ರ ತಗೋಬೇಕು ಅನ್ನೋ ಮಾತು ಬಂದಾಗ ಚಿಗವ್ವ ನನ್ನನ್ನೇ ಕೇಳಿದಳು: "ತಮ್ಮಾ, ಊರ ಮಂದಿ ವ್ಯಾಪಾರದ ಬಗ್ಗೆ ಎಲ್ಲಾ ಬರೀತಿ. ನಮ್ದೂ ಒಂದಿಷ್ಟು ನೋಡು. ಮಷೀನ್ ತಗೋಬೇಕೋ ಬ್ಯಾಡೋ?"

ಆಕೆಗೆ ಬೇಕಾಗಿದ್ದು ಹುರುಪಲ್ಲ, ಲೆಕ್ಕ. ಕೂತು ಲೆಕ್ಕ ಹಾಕಿದೆವು. ಅದನ್ನೇ ಇಲ್ಲಿ ಕೊಡ್ತೀನಿ. ನೀವು ಯಾವ ಉದ್ಯಮದ ಕನಸು ಕಾಣ್ತಿದ್ದರೂ ಅಂಕಿ ಬದಲಾಯಿಸಿ ಇದನ್ನೇ ಬಳಸಬಹುದು.

ಮೊದಲು ಒಂದು ರೊಟ್ಟಿಯ ಲೆಕ್ಕ

ಬಿಳಿಜೋಳ ಕೆ.ಜಿ.ಗೆ 50 ರೂಪಾಯಿ ಅಂತ ಹಿಡಿದೆವು, ಗಿರಣಿಯಲ್ಲಿ ಬೀಸೋದಕ್ಕೆ 5 ರೂಪಾಯಿ. ಕೆ.ಜಿ. ಹಿಟ್ಟಿಗೆ ಇವರ ಕೈಯಲ್ಲಿ 20 ರೊಟ್ಟಿ ಬರ್ತವೆ. ಅಂದರೆ ರೊಟ್ಟಿಗೆ 2 ರೂಪಾಯಿ 75 ಪೈಸೆ. ಉರುವಲು, ಪ್ಯಾಕೆಟ್, ಬಸ್ಸಿನಲ್ಲಿ ಸಾಗಿಸುವ ಖರ್ಚು ಸೇರಿ 75 ಪೈಸೆ. ಒಟ್ಟು 3 ರೂಪಾಯಿ 50 ಪೈಸೆ. ಖಾನಾವಳಿಯವರು ಕೊಡೋದು 6 ರೂಪಾಯಿ. ಉಳಿಯೋದು ಎರಡೂವರೆ ರೂಪಾಯಿ.

ಕಾಲೇಜಿನಲ್ಲಿ ಇದನ್ನು ಲಾಭ ಅಂತ ಬರೆದರೆ ಮಾರ್ಕ್ಸ್ ಸಿಗಬಹುದು. ಆದರೆ ಇದರಲ್ಲಿ ಬಡಿದವರ ಕೂಲಿ ಇನ್ನೂ ಸೇರಿಲ್ಲ. ಒಬ್ಬಾಕೆ ಇಡೀ ದಿನ ಕೂತು 150 ರೊಟ್ಟಿ ಬಡಿದರೆ ಆಕೆಗೆ ಸಿಗೋದು 375 ರೂಪಾಯಿ. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ವ್ಯತ್ಯಾಸ ಐದೇ ರೂಪಾಯಿ! ಹಾಗಂತ ಇದು ಕೆಟ್ಟ ವ್ಯಾಪಾರ ಏನಲ್ಲ. ಬಿಸಿಲಿಗೆ ಹೋಗಬೇಕಿಲ್ಲ, ಮಕ್ಕಳನ್ನು ಬಿಟ್ಟಿರಬೇಕಿಲ್ಲ, ಕೆಲಸ ಇಲ್ಲದ ತಿಂಗಳಲ್ಲೂ ನಡೆಯುತ್ತೆ. ಆದರೆ "ಲಾಭ" ಅನ್ನೋ ಪದ ಬಳಸೋ ಮೊದಲು ಮನೆಯವರ ದುಡಿಮೆಗೆ ಬೆಲೆ ಕಟ್ಟಿ ನೋಡಬೇಕು. ಮನೆಮಂದಿಯೇ ದುಡಿಯುವ ಎಷ್ಟೋ ಅಂಗಡಿ, ಹೋಟೆಲ್‌ಗಳ ಲಾಭ ಈ ಒಂದು ಸಾಲು ಸೇರಿಸಿದ ಕೂಡಲೇ ಕರಗಿಬಿಡುತ್ತೆ.

ಆಮೇಲೆ ಯಂತ್ರದ ಲೆಕ್ಕ

ಕೊಟೇಶನ್ ಬಂದಿದ್ದು 2 ಲಕ್ಷಕ್ಕೆ. ಸಂಘದ್ದು 20,000, ಅಂದರೆ ತಲಾ ಎರಡು ಸಾವಿರ. ಉಳಿದ 1,80,000 ಬ್ಯಾಂಕ್ ಸಾಲ. ಶೇಕಡಾ 12ರ ಬಡ್ಡಿ, ಮೂರು ವರ್ಷ ಅಂತ ಹಿಡಿದರೆ ತಿಂಗಳ ಕಂತು ಸುಮಾರು 5,980 ರೂಪಾಯಿ. ತಿಂಗಳಿಗೆ 26 ಕೆಲಸದ ದಿನ ಅಂದರೆ ದಿನಕ್ಕೆ 230. ರೊಟ್ಟಿಗೆ ಎರಡೂವರೆ ರೂಪಾಯಿ ಉಳಿಯೋದಾದರೆ, ಬರೀ ಕಂತು ಕಟ್ಟೋಕೆ ದಿನಕ್ಕೆ 92 ರೊಟ್ಟಿ ಹೆಚ್ಚು ಮಾರಬೇಕು. ಕರೆಂಟ್ ಬಿಲ್ಲು, ರಿಪೇರಿ ಬೇರೆ.

ಈಗ 300 ರೊಟ್ಟಿಗೆ ದಿನಕ್ಕೆ 750 ರೂಪಾಯಿ ಉಳಿಯುತ್ತೆ, ತಲಾ 75. ಯಂತ್ರ ಬಂದು ಗಿರಾಕಿ ಅಷ್ಟೇ ಉಳಿದರೆ ತಲಾ 52. ಯಂತ್ರ ಕೈನೋವನ್ನು ಕಡಿಮೆ ಮಾಡುತ್ತೆ, ನಿಜ. ಗಿರಾಕಿಯನ್ನು ಮಾತ್ರ ಅದು ಕರೆತರಲ್ಲ.

ಇಷ್ಟು ಹೇಳಿದ್ದಕ್ಕೆ ಚಿಗವ್ವ ಹೆದರಲಿಲ್ಲ. "ಗಿರಾಕಿ ಹುಡುಕ್ತೀವಿ ಬಿಡು. 900 ರೊಟ್ಟಿ ಕೇಳೋರೂ ಅದಾರ" ಅಂದಳು. ಮಾತು ಸುಳ್ಳಲ್ಲ. ಕಲಬುರಗಿಯ ಮಹಿಳೆಯರು ಜೋಳದ ರೊಟ್ಟಿಯನ್ನೇ ಬ್ರ್ಯಾಂಡ್ ಮಾಡಿ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಿಸ್ತಿದ್ದಾರೆ. 2025ರ ಜೂನ್‌ನಲ್ಲಿ ಪ್ರಧಾನಿ ಅದನ್ನು 'ಮನ್ ಕಿ ಬಾತ್'ನಲ್ಲಿ ಹೇಳಿದ್ದರು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿ ಮೇಲಿನ ಜಿಎಸ್‌ಟಿಯೂ ಸೊನ್ನೆ ಆಗಿದೆ. ಅಂದರೆ ಬೇಡಿಕೆ ಇದೆ. ತೊಡಕು ಇರೋದು ಬೇರೆ ಕಡೆ.

ಯಾರೂ ಹಿಡಿಯದ ಲೆಕ್ಕ

ಖಾನಾವಳಿಯವರು ಹಣ ಕೊಡೋದು ತಿಂಗಳು ಮುಗಿದ ಮೇಲೆ. ಜೋಳದ ಅಂಗಡಿಯವ, ಗಿರಣಿಯವ, ಬಸ್ಸಿನವ ಮಾತ್ರ ಕೈಯಲ್ಲೇ ಕೇಳ್ತಾರೆ. ದಿನಕ್ಕೆ 300 ರೊಟ್ಟಿಯ ಖರ್ಚು 1,050 ರೂಪಾಯಿ. 26 ದಿನಕ್ಕೆ 27,300. ಮೊದಲ ರೂಪಾಯಿ ಕೈಗೆ ಬರೋ ಹೊತ್ತಿಗೆ ಇಷ್ಟು ಹಣ ಇವರ ಕೈಬಿಟ್ಟು ಹೋಗಿರುತ್ತೆ. ಇದನ್ನು ಒಂದು ವರ್ಷದಿಂದ ಹತ್ತು ಮನೆಗಳು ಸದ್ದಿಲ್ಲದೆ ಹೊತ್ತಿವೆ. ಒಬ್ಬಾಕೆ ಮನೆಯ ಜೋಳ ಹಾಕಿದಳು, ಇನ್ನೊಬ್ಬಾಕೆ ಹಾಲಿನ ದುಡ್ಡು ಹಾಕಿದಳು. ಯಾವ ಪುಸ್ತಕದಲ್ಲೂ ಬರೆದಿಲ್ಲ.

ಈಗ 900 ರೊಟ್ಟಿಯ ಲೆಕ್ಕ ನೋಡಿ. ಅದೇ 26 ದಿನಕ್ಕೆ 81,900 ರೂಪಾಯಿ. ತಲಾ 8,190. ನಮ್ಮವ್ವನ ಹತ್ತಿರ ಇದ್ದ ಎಂಟು ಸಾವಿರ ನನ್ನ ಮುಂದಿನ ಸೆಮಿಸ್ಟರ್ ಫೀಸಿನ ಹಣ. ಯಂತ್ರದ ಪಾಲಿನ ಎರಡು ಸಾವಿರವನ್ನು ಎಲ್ಲರೂ ಲೆಕ್ಕಕ್ಕೆ ಹಿಡಿದಿದ್ದರು, ಈ ಎಂಟು ಸಾವಿರವನ್ನು ಯಾರೂ ಹಿಡಿದಿರಲಿಲ್ಲ. ಗಿರಾಕಿ ಮೂರು ಪಟ್ಟಾದರೆ ಗಿರಾಕಿಗೋಸ್ಕರ ಕಾಯಬೇಕಾದ ಹಣವೂ ಮೂರು ಪಟ್ಟು. ವ್ಯಾಪಾರ ಚೆನ್ನಾಗಿ ನಡೀತಿದ್ದಾಗಲೇ ಅಂಗಡಿಗಳು ಯಾಕೆ ಮುಚ್ಚುತ್ತವೆ ಅನ್ನೋದಕ್ಕೆ ಒಂದು ಕಾರಣ ಇದೇ.

ಕಾಗದ ನೋಡ್ತಾ ಕೂತಿದ್ದ ಚಿಗವ್ವ ಕೇಳಿದಳು: "ಮಷೀನಿಗೆ ಸಾಲ ಸಿಗ್ತದ. ಕಾಯೋದಕ್ಕ ಯಾರು ಸಾಲ ಕೊಡ್ತಾರಪಾ?"

ವರ್ಕಿಂಗ್ ಕ್ಯಾಪಿಟಲ್ ಅನ್ನೋ ಅಧ್ಯಾಯವನ್ನು ನಾನು ಎರಡು ಸಲ ಪರೀಕ್ಷೆಗೆ ಓದಿದ್ದೇನೆ. ಇಷ್ಟು ಚಿಕ್ಕದಾಗಿ ಅದನ್ನು ಯಾರೂ ಹೇಳಿರಲಿಲ್ಲ.

ನಮ್ಮ ಭಾಗದವರಿಗೆ ಇದು ಹೊಸ ವಿಷಯ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಬೆಳೆದ ಭತ್ತ ಕಟಾವಿಗೆ ಬಂದಾಗ ಎಲ್ಲರೂ ಒಟ್ಟಿಗೆ ಮಾರುತ್ತಾರೆ, ದರ ಕುಸಿಯುತ್ತೆ. ಎರಡು ತಿಂಗಳು ತಡೆದರೆ 75 ಕೆ.ಜಿ. ಚೀಲಕ್ಕೆ ಹೆಚ್ಚು ಸಿಗಬಹುದು ಅಂತ ರೈತನಿಗೂ ಗೊತ್ತು. ಗೊಬ್ಬರದ ಅಂಗಡಿಯ ಬಾಕಿ, ಕಟಾವು ಯಂತ್ರದ ಬಾಡಿಗೆ ಅವನನ್ನು ತಡೆಯೋಕೆ ಬಿಡಲ್ಲ. ಜಾಣತನ ಇಬ್ಬರಿಗೂ ಇದೆ. ಅಡತಿ ಅಂಗಡಿಯ ಸಾಹುಕಾರನ ಹತ್ತಿರ ಹೆಚ್ಚಿಗೆ ಇರೋದು ಕಾಯುವ ಶಕ್ತಿ.

ಕಾಯುವ ಭಾರ ಯಾರದು?

1959ರಲ್ಲಿ ಮುಂಬೈನ ಗಿರ್ಗಾಂವ್‌ನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಮಾಡೋಕೆ ಕೂತರು. ಮೊದಲ ದಿನ ಆಗಿದ್ದು ನಾಲ್ಕು ಪ್ಯಾಕೆಟ್. ಅದೇ ಲಿಜ್ಜತ್ ಪಾಪಡ್. ಈ ಕಥೆಯನ್ನು ಎಲ್ಲರೂ 80 ರೂಪಾಯಿಗಾಗಿ ಹೇಳ್ತಾರೆ. ನನಗೆ ಈಗ ಕಾಣೋದು ಬೇರೆ. ಅಲ್ಲಿ ಸದಸ್ಯೆ ಬೆಳಗ್ಗೆ ಹಿಟ್ಟು ಒಯ್ದು, ಮನೆಯಲ್ಲಿ ಲಟ್ಟಿಸಿ, ಮರುದಿನ ಹಪ್ಪಳ ಒಪ್ಪಿಸಿದ ಕೂಡಲೇ ಕೂಲಿ ಪಡೀತಾಳೆ. ಅಂಗಡಿಯವರಿಂದ ಹಣ ಬರೋವರೆಗೆ ಕಾಯೋದು ಸಂಸ್ಥೆ, ಆಕೆಯಲ್ಲ. ಕಾಯುವ ಭಾರವನ್ನು ಅತಿ ಬಡವರ ಹೆಗಲಿನಿಂದ ಇಳಿಸಿದ್ದು ದೊಡ್ಡ ಕೆಲಸ.

ನಮ್ಮ ಸಂಘಕ್ಕೆ ಅಂಥ ಗಂಟು ಇಲ್ಲ. ಹಾಗಾಗಿ ಮೂರು ದಾರಿ ಹುಡುಕಿದೆವು.

ಒಂದು, ಹಣ ಬರುವ ದಿನವನ್ನು ಹತ್ತಿರ ತರೋದು. ವಾರಕ್ಕೊಮ್ಮೆ ಹಣ ಬಂದರೆ 300 ರೊಟ್ಟಿಗೆ ಬೇಕಾದ ಗಂಟು 27,300ರಿಂದ 6,300ಕ್ಕೆ ಇಳಿಯುತ್ತೆ. 21,000 ರೂಪಾಯಿ ಮನೆಗಳಿಗೆ ವಾಪಸ್. ಖಾನಾವಳಿಯವರು ಪುಕ್ಕಟೆ ಯಾಕೆ ಒಪ್ಪಬೇಕು? ಚಿಗವ್ವ ಹೇಳಿದಳು, "ನೂರಕ್ಕ ಎರಡು ಕೊಸರು ಕೊಡೋಣ." ದಿನಕ್ಕೆ ಆರು ರೊಟ್ಟಿ ಹೆಚ್ಚು, ತಿಂಗಳಿಗೆ 546 ರೂಪಾಯಿ ಖರ್ಚು. ಅದೇ 21,000ವನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 630. ಕೊಸರೇ ಅಗ್ಗ, ಯಾರ ಮನೆಯ ಕಟ್ಟೆ ಮೇಲೂ ಕೈಕಟ್ಟಿ ನಿಲ್ಲಬೇಕಿಲ್ಲ.

ಎರಡು, ಯೋಜನೆಯ ಸಣ್ಣ ಅಕ್ಷರ ಓದೋದು. ಕಿರು ಆಹಾರ ಸಂಸ್ಕರಣೆಗೆ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಎಲ್ಲರ ಕಣ್ಣಿಗೆ ಬೀಳೋದು ಯಂತ್ರದ ಸಹಾಯಧನ: ಕೇಂದ್ರದ ಶೇ 35, ಅದರ ಮೇಲೆ ನಮ್ಮ ರಾಜ್ಯದ ಶೇ 15. ಆ ಹಣ ಮೊದಲ ದಿನವೇ ಕೈಗೆ ಸಿಗಲ್ಲ. ಸಾಲದ ಖಾತೆಯ ಜೊತೆ ಮೂರು ವರ್ಷ ಇದ್ದು ಆಮೇಲೆ ಸಾಲಕ್ಕೆ ಜಮೆ ಆಗುತ್ತೆ. ಅದೇ ಯೋಜನೆಯಲ್ಲಿ ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ 40,000 ರೂಪಾಯಿವರೆಗೆ ಬೀಜ ಬಂಡವಾಳವೂ ಇದೆ, ಒಕ್ಕೂಟದ ಮೂಲಕ. ಅದು ದುಡಿಯುವ ಬಂಡವಾಳಕ್ಕೆ, ಸಣ್ಣ ಉಪಕರಣಕ್ಕೆ. ಚಿಗವ್ವನ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು, ಎರಡನೇ ಪುಟದಲ್ಲಿ.

ಮೂರು, ಉದ್ಯಮ್ ನೋಂದಣಿ. ಉಚಿತ, ಆನ್‌ಲೈನ್. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕಿರು, ಸಣ್ಣ ಉದ್ಯಮದಿಂದ ಸರಕು ಕೊಂಡವರು ಒಪ್ಪಂದ ಇದ್ದರೂ 45 ದಿನಕ್ಕಿಂತ ಹೆಚ್ಚು ಸತಾಯಿಸೋ ಹಾಗಿಲ್ಲ; ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ದಾಟಿದರೆ ಬಡ್ಡಿ ಕೊಡಬೇಕು. ಖಾನಾವಳಿಯವನ ಮೇಲೆ ಯಾರೂ ಕಾಯ್ದೆ ಹಿಡ್ಕೊಂಡು ಹೋಗಲ್ಲ, ಹೋಗಲೂಬಾರದು. ನಾಳೆ ದೊಡ್ಡ ಅಂಗಡಿಗೆ ರೊಟ್ಟಿ ಕೊಡುವಾಗ ಬೇಕಾಗುತ್ತೆ.

ಸದ್ಯ ಒಂದು ಖಾನಾವಳಿ ವಾರದ ಲೆಕ್ಕಕ್ಕೆ ಒಪ್ಪಿದೆ. ಇನ್ನೊಂದು ಒಪ್ಪಿಲ್ಲ, ಅದನ್ನು ಬಿಡೋ ಧೈರ್ಯ ಇನ್ನೂ ಬಂದಿಲ್ಲ. ಬೀಜ ಬಂಡವಾಳದ ಅರ್ಜಿ ಒಕ್ಕೂಟಕ್ಕೆ ಹೋಗಿದೆ. ದಿನಕ್ಕೆ 500 ರೊಟ್ಟಿಗೆ ವಾರದ ಗಿರಾಕಿ ಕುದುರಿದ ಮೇಲೆ ಯಂತ್ರದ ಮಾತು ಅಂತ ಹತ್ತು ಮಂದಿ ಸೇರಿ ಠರಾವು ಬರೆದಿದ್ದಾರೆ. ಇಬ್ಬರಿಗೆ ಇದು ಇಷ್ಟವಿಲ್ಲ, ಕೈ ನೋವು ಅವರದು. ಅವರ ಮಾತಿಗೂ ಅರ್ಥ ಇದೆ.

ನೀವು ಬೆಂಗಳೂರಲ್ಲೋ ಪುಣೆಯಲ್ಲೋ ಕೂತು ಇದನ್ನು ಓದ್ತಿದ್ದರೆ, ನಿಮ್ಮ ಕೈಯಲ್ಲೂ ಒಂದು ಕೆಲಸ ಇದೆ. ನಿಮ್ಮ ಆಫೀಸಿಗೆ ಊಟ ಕಳಿಸುವ ಅಕ್ಕ, ನಿಮ್ಮ ಕಂಪನಿಗೆ ಬಾಕ್ಸ್ ಮಾಡಿಕೊಡುವ ಸಣ್ಣ ಘಟಕದವ, ಊರಿಂದ ಉಪ್ಪಿನಕಾಯಿ ಕಳಿಸುವ ಚಿಕ್ಕಮ್ಮ, ಇವರ ಬಿಲ್ಲು ನಿಮ್ಮ ಟೇಬಲ್ ಮೇಲೆ ಎಷ್ಟು ದಿನದಿಂದ ಇದೆ ನೋಡಿ. ಸಣ್ಣ ಉದ್ಯಮಕ್ಕೆ ಪ್ರೋತ್ಸಾಹ ಕೊಡಬೇಕು ಅಂತ ನಾವೆಲ್ಲ ಹೇಳ್ತೀವಿ. ಆ ಬಿಲ್ಲಿಗೆ ಇವತ್ತೇ ಸಹಿ ಹಾಕಿದರೆ ಎಲ್ಲೋ ಒಂದು ಮನೆಯ ಫೀಸಿನ ದುಡ್ಡು ಡಬ್ಬಿಯಲ್ಲೇ ಉಳಿಯುತ್ತೆ.