ಎಣಿಕೆಗೆ ನಿಲುಕದ ತಾಯಂದಿರು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದ ಹೆರಿಗೆಗಳ ಪೈಕಿ ಆಸ್ಪತ್ರೆಗಳಲ್ಲಿ ಆದವು ಶೇಕಡಾ 39 ಮಾತ್ರ. 2019-21ರ ವೇಳೆಗೆ ಆ ಪ್ರಮಾಣ ಶೇಕಡಾ 89ಕ್ಕೆ ಏರಿತು. ಸಂತೋಷದ ಸಂಗತಿಯೇ ಸರಿ. ಆದರೆ 2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆಯೊಂದೇ ಇದಕ್ಕೆ ಕಾರಣವೆನ್ನುವುದು ಆತುರದ ಮಾತಾದೀತು. ಅದೇ ಅವಧಿಯಲ್ಲಿ ಹಳ್ಳಿಗಳಿಗೆ ರಸ್ತೆ ಬಂದಿತು, ಹೆಣ್ಣುಮಕ್ಕಳ ವಿದ್ಯೆ ಹೆಚ್ಚಿತು, ಆಂಬುಲೆನ್ಸ್ ಸೇವೆ ವಿಸ್ತರಿಸಿತು. ಯೋಜನೆಯ ನೆರವು ದೊರೆತವರನ್ನು, ಅದೇ ಸ್ಥಿತಿಯಲ್ಲಿದ್ದೂ ನೆರವು ದೊರೆಯದವರೊಡನೆ ಹೋಲಿಸಿದಾಗಲೇ ಅದರ ನಿಜವಾದ ಪಾಲು ತಿಳಿದೀತು.

ಇದಕ್ಕಿಂತ ಮೂಲಭೂತವಾದ ಪ್ರಶ್ನೆಯೊಂದಿದೆ: ಸಮೀಕ್ಷೆಗೆ ಉತ್ತರಿಸುವವರು ಯಾರು? ಹೆರಿಗೆಯ ಆರೈಕೆಯನ್ನು ಕುರಿತು ಹೇಳುವವಳು ಬದುಕುಳಿದ ತಾಯಿ. ಹೆರಿಗೆಯಲ್ಲಿ ತೀರಿಕೊಂಡವಳು ತನಗಾದ ಅನ್ಯಾಯವನ್ನು ಹೇಳಲು ಬರಲಾರಳು. ತಾಯಿ ಮರಣದ ಲೆಕ್ಕವನ್ನು ಬೇರೆಯದೇ ಆದ ಮಾದರಿ ನೋಂದಣಿ ವ್ಯವಸ್ಥೆ ಕೊಡುತ್ತದೆ. ಲಕ್ಷ ಜೀವಂತ ಜನನಗಳಿಗೆ 97 ಎಂಬ 2018-20ರ ಅಂಕಿ ಮೂರು ವರ್ಷಗಳ ಮಾಹಿತಿಯನ್ನು ಒಟ್ಟುಗೂಡಿಸಿದ್ದರಿಂದ ದೊರೆತದ್ದು.

ಎಣಿಕೆಗೆ ಸುಲಭವಾಗಿ ಸಿಕ್ಕದ ಇನ್ನೊಬ್ಬಳು ವಲಸೆಯ ತಾಯಿ. ಕಲಬುರಗಿ, ಯಾದಗಿರಿಗಳಿಂದ ಮುಂಬಯಿ, ಪುಣೆಗಳ ಕಟ್ಟಡ ಕೆಲಸಕ್ಕೆ ಗುಳೆ ಬಂದವರ ಜೋಪಡಿಗಳು, 2011ರ ಜನಗಣತಿಯನ್ನು ಆಧರಿಸಿ ಆಯ್ದ ಪ್ರದೇಶಗಳಲ್ಲಿ ಸಿಕ್ಕರೆ ಪುಣ್ಯ. ಊರಿನ ಮನೆಗೋ ಬೀಗ. ತವರಿನಲ್ಲಿ ಹೆತ್ತು ಮರಳಿದವಳು ಮುಂಬಯಿಯಲ್ಲಿ ಸಂದರ್ಶನಕ್ಕೆ ಸಿಕ್ಕರೆ, ಕಲಬುರಗಿಯ ಹೆರಿಗೆ ಮಹಾರಾಷ್ಟ್ರದ ಲೆಕ್ಕಕ್ಕೆ ಸೇರುತ್ತದೆ. ಅರೆಬರೆ ತಿಳಿದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಅವಳು ತಲೆಯಾಡಿಸಿದರೆ, ಅದೂ ಒಂದು ಉತ್ತರವೆಂದೇ ದಾಖಲಾದೀತು.

ಸಮೀಕ್ಷೆಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವಿಲ್ಲದಿದ್ದರೆ ಆಡಳಿತಕ್ಕೆ ಕಣ್ಣೇ ಇಲ್ಲ. ಆದರೆ ಸರಾಸರಿಯೊಡನೆ ಅದರಿಂದ ಹೊರಗುಳಿದವರು ಯಾರೆಂಬುದನ್ನೂ ವರದಿಗಳು ಸ್ಪಷ್ಟವಾಗಿ ಹೇಳಬೇಕು. ಗುಳೆ ಬಂದವರ ನೆಲೆಗಳಿಗೆ ಪ್ರತ್ಯೇಕ ಮಾದರಿಯನ್ನು ಆಯ್ದು, ಅವರ ನುಡಿಯಲ್ಲೇ ಪ್ರಶ್ನಿಸುವ ವ್ಯವಸ್ಥೆಯಾಗಬೇಕು.

ಹೊರನಾಡಿನಲ್ಲಿ ನೆಲೆ ಕಂಡ ನಮಗೂ ಇಲ್ಲಿ ಹೊಣೆಯಿದೆ. ಸಮೀಕ್ಷಕರು ಬಂದಾಗ ನಮ್ಮ ವಸತಿ ಸಮುಚ್ಚಯಗಳ ಬಾಗಿಲು ತೆರೆಯಲಿ. ಲಸಿಕೆಯ ದಿನಾಂಕಗಳನ್ನು ಸಮೀಕ್ಷಕರು ಮೊದಲು ಹುಡುಕುವುದು ಕಾರ್ಡಿನಲ್ಲಿ. ಅದಿಲ್ಲದಿದ್ದರೆ ತಾಯಿಯ ನೆನಪೇ ಗತಿ. ನೆರೆಯ ಕಾರ್ಮಿಕ ಸೋದರಿಯರು ತಾಯಿ ಕಾರ್ಡನ್ನು ಜೋಪಾನವಾಗಿಟ್ಟುಕೊಳ್ಳುವಂತೆ ತಿಳಿಹೇಳುವುದು, ಬೇಕಾದಲ್ಲಿ ದುಭಾಷಿಗಳಾಗಿ ನಿಲ್ಲುವುದು ಸಂಘಗಳಿಗೆ ಅಸಾಧ್ಯವೇನಲ್ಲ. ರಾಜ್ಯೋತ್ಸವದ ವೇದಿಕೆಯಷ್ಟೇ ಆ ಜೋಪಡಿಯ ಹೊಸ್ತಿಲೂ ಕನ್ನಡದ ನೆಲೆಯೇ.