ಹೆಸರು ನೋಡಿ ಹೆಸರು ಕೊಳ್ಳಬೇಡಿ

ಗದಗಿನ ಎಪಿಎಂಸಿಯಲ್ಲಿ ಚೀಲದ ಮೇಲೆ ‘ಹೆಸರು’ ಅಂತ ಬರೆದಿದೆ ಅಂದ ಮಾತ್ರಕ್ಕೆ ಯಾವ ವ್ಯಾಪಾರಿಯೂ ದುಡ್ಡು ಎಣಿಸುವುದಿಲ್ಲ. ಒಂದು ಹಿಡಿ ಕಾಳು ತೆಗೆದು, ಅಂಗೈ ಮೇಲೆ ಹರಡಿ, ಎರಡು ಕಾಳು ಕಡಿದು ನೋಡಿ, ಆಮೇಲೆ ರೇಟು ಹೇಳುತ್ತಾನೆ. ಇಷ್ಟು ಬುದ್ಧಿ ನಮ್ಮ ಅರ್ಜಿ ಜಾಲತಾಣಗಳ ಕೋಡ್ ಬರೆಯುವ ಪಂಡಿತರಿಗೆ ಯಾಕಿಲ್ಲ? ನನ್ನ ಸಿಟ್ಟು ಇಷ್ಟೇ.

ಅರ್ಜಿ ತುಂಬಿದವರಿಗೆಲ್ಲ ಗೊತ್ತು. ಫೋಟೊ ಹಾಕಿ, ಸಹಿ ಹಾಕಿ, ಜೆಪಿಜಿ ಮಾತ್ರ. ಕೊಟ್ಟದ್ದು ಜೆಪಿಜಿ ಹೌದೋ ಅಲ್ಲವೋ ಅಂತ ಎಷ್ಟೋ ತಾಣಗಳು ಪರೀಕ್ಷಿಸುವುದು ಹೇಗೆ? ಕಡತದ ಹೆಸರಿನ ಬಾಲ ನೋಡಿ! ಕೊನೆಗೆ ‘.ಜೆಪಿಜಿ’ ಇದ್ದರೆ ಒಳಗೆ ಬಾ, ಇಲ್ಲದಿದ್ದರೆ ಹೊರಗೆ ನಡಿ.

ಮುಂಡರಗಿ ಕಡೆಯ ಹುಡುಗಿಯೊಬ್ಬಳು ನೌಕರಿಯೊಂದಕ್ಕೆ ಅರ್ಜಿ ಹಾಕಿದ್ದಳು. ಅವಳ ಫೋಟೊ ವೆಬ್‌ಪಿ ರೂಪದಲ್ಲಿತ್ತು, ತಾಣ ಬೇಡ ಅಂತು. ಆನ್‌ಲೈನ್ ಸೆಂಟರಿನವನು, “ಹೆಸರು ಬದ್ಲ ಮಾಡಿದ್ರ ತೊಗೊಳ್ತೈತಿ ತಂಗಿ” ಅಂತ ಬಾಲ ತಿದ್ದಿದ. ತಾಣ ಸಂತೋಷದಿಂದ ತೆಗೆದುಕೊಂಡಿತು, ಹಣ ಕಟ್ಟಿಸಿಕೊಂಡಿತು. ಕೊನೆಯ ದಿನಾಂಕ ಮುಗಿದ ಮೇಲೆ ಅರ್ಜಿಯ ಪ್ರತಿ ತೆಗೆದರೆ ಮುಖ ಇರಬೇಕಾದಲ್ಲಿ ಖಾಲಿ ಚೌಕ. ಪಿಡಿಎಫ್ ಮಾಡುವ ತಂತ್ರಾಂಶಕ್ಕೆ ವೆಬ್‌ಪಿ ಓದಲು ಬರುತ್ತಿರಲಿಲ್ಲ. ಅರ್ಜಿ ತಿರಸ್ಕೃತ, ಕಾರಣ: ‘ಭಾವಚಿತ್ರ ಇಲ್ಲ’. ಭಾವಚಿತ್ರ ಇತ್ತು ಸ್ವಾಮಿ, ನೋಡುವ ಕಣ್ಣು ನಿಮಗಿರಲಿಲ್ಲ.

ಇದರ ಉಲ್ಟಾ ಕತೆಯೂ ಉಂಟು. ಲಕ್ಷ್ಮೇಶ್ವರದಲ್ಲೋ ಶಿರಹಟ್ಟಿಯಲ್ಲೋ ಯಾರದೋ ಕಂಪ್ಯೂಟರು ಅಪ್ಪಟ ಜೆಪಿಜಿ ಚಿತ್ರವನ್ನೇ ‘.ಜೆಫಿಫ್’ ಅಂತ ಉಳಿಸಿಕೊಂಡಿರುತ್ತದೆ. ಒಳಗಿನ ಮಾಲು ಅದೇ, ಬಾಲ ಬೇರೆ. ಅದನ್ನು ಇದೇ ತಾಣ ಒದ್ದು ಓಡಿಸುತ್ತದೆ. ಸುಳ್ಳು ಹೆಸರಿಗೆ ಸ್ವಾಗತ, ನಿಜವಾದ ಮಾಲಿಗೆ ಬಾಗಿಲು ಬಂದ್!

ಹಾಗಾದರೆ ಒಳಗೆ ನೋಡುವುದು ದೊಡ್ಡ ಬ್ರಹ್ಮವಿದ್ಯೆಯೇ? ಖಂಡಿತ ಅಲ್ಲ. ಚಿತ್ರದ ಕಡತಗಳು ತಮ್ಮ ಜಾತಕವನ್ನು ಮೊದಲ ಸಾಲಿನಲ್ಲೇ ಬರೆದುಕೊಂಡು ಬಂದಿರುತ್ತವೆ. ಜೆಪಿಜಿ ಆದರೆ ಮೊದಲ ಮೂರು ಬೈಟು 255, 216, 255. ಪಿಎನ್‌ಜಿ ಆದರೆ ಎಂಟು ಬೈಟು: 137, 80, 78, 71, 13, 10, 26, 10. ಗಿಫ್ ಆದರೆ ‘ಜಿಐಎಫ್87ಎ’ ಅಥವಾ ‘ಜಿಐಎಫ್89ಎ’ ಅನ್ನುವ ಆರು ಅಕ್ಷರ. ವೆಬ್‌ಪಿಯಲ್ಲಿ ಮೊದಲ ನಾಲ್ಕು ಬೈಟು ‘ಆರ್‌ಐಎಫ್‌ಎಫ್’, ಮುಂದಿನ ನಾಲ್ಕರಲ್ಲಿ ಅಳತೆ, ಆಮೇಲಿನ ನಾಲ್ಕರಲ್ಲಿ ‘ವೆಬ್‌ಪಿ’. ಅಂದರೆ ಹನ್ನೆರಡು ಬೈಟು ಓದಿದರೆ ಇಷ್ಟನ್ನೂ ಗುರುತಿಸಬಹುದು. ಪಿಎನ್‌ಜಿಯ ಆ 13, 10 ಸುಮ್ಮನೆ ಇಟ್ಟದ್ದೂ ಅಲ್ಲ. ಸಾಗಿಸುವಾಗ ಯಾವುದಾದರೂ ತಂತ್ರಾಂಶ ಸಾಲಿನ ಕೊನೆಯ ಗುರುತು ಬದಲಿಸಿ ಕಡತ ಕೆಡಿಸಿದ್ದರೆ ತಕ್ಷಣ ಸಿಕ್ಕಿಬೀಳಲಿ ಅಂತ.

ಇದು ಹೊಸ ಕಂಡುಹಿಡಿತವೂ ಅಲ್ಲ. ಯುನಿಕ್ಸ್‌ನಲ್ಲಿ ಒಳಗಿಣುಕಿ ಕಡತದ ಜಾತಿ ಹೇಳುವ ‘ಫೈಲ್’ ಅನ್ನುವ ಆಜ್ಞೆ 1973ರಿಂದ ಇದೆ. ಪಿಎಚ್‌ಪಿಯಲ್ಲಿ ‘ಫೈಲ್‌ಇನ್ಫೊ’ 2009ರ 5.3 ಆವೃತ್ತಿಯಿಂದ ಜೊತೆಯಲ್ಲೇ ಬರುತ್ತದೆ. ಪೈಥಾನ್‌ನ ಹಳೆಯ ‘ಇಮೇಜ್‌ಹೆಡರ್’ ಘಟಕವನ್ನು 2024ರ 3.13ರಲ್ಲಿ ತೆಗೆದುಹಾಕಿದರು, ಆದರೆ ‘ಪಿಲ್ಲೋ’ ಇದೆಯಲ್ಲ.

“ನಾವು ಹೆಸರು ನೋಡಲ್ಲ, ಬ್ರೌಸರ್ ಕಳಿಸುವ ಮೈಮ್ ಟೈಪ್ ನೋಡ್ತೀವಿ” ಅನ್ನುವ ಜಾಣರೂ ಇದ್ದಾರೆ. ಅಲ್ಲರೀ, ಬ್ರೌಸರ್ ಆದರೂ ಅದನ್ನು ಸಾಮಾನ್ಯವಾಗಿ ಕಡತದ ಬಾಲ ನೋಡಿಯೇ ಹೇಳುತ್ತದೆ! ಕಳ್ಳನ ಮಾತಿಗೆ ಕಳ್ಳನ ತಮ್ಮನೇ ಸಾಕ್ಷಿ.

ಕನ್ನಡ ಬ್ಲಾಗಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೆಯ ನುಡಿ, ಬರಹ ಫಾಂಟುಗಳ ಕಡತ ನೆನಪಿದೆಯಲ್ಲ? ತೆರೆ ಮೇಲೆ ಕನ್ನಡ, ಫಾಂಟು ತೆಗೆದರೆ ಒಳಗೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಕಾಣುವುದು ಕನ್ನಡವಾದರೆ ಸಾಲದು, ಒಳಗಿರುವುದೂ ಕನ್ನಡವೇ ಆಗಿರಬೇಕು ಅಂತ ತಾನೆ ನಾವು ಯೂನಿಕೋಡಿಗಾಗಿ ಅಷ್ಟು ಗುದ್ದಾಡಿದ್ದು? ಚಿತ್ರಗಳ ವಿಷಯದಲ್ಲೂ ನ್ಯಾಯ ಅದೇ.

ಒಂದು ಎಚ್ಚರಿಕೆ. ಚೀಲದ ಬಾಯಲ್ಲಿ ಒಳ್ಳೆ ಕಾಳು, ತಳದಲ್ಲಿ ಹುಳುಕು ಇರಬಹುದಲ್ಲ, ಹಾಗೆ ಮೊದಲ ಬೈಟುಗಳಷ್ಟನ್ನೇ ನಂಬಿದರೂ ಕೆಟ್ಟಿರಿ. ಮುಂದೆ ಗಿಫ್, ಹಿಂದೆ ಜಾವಾದ ಜಾರ್ ಕಡತ ಅಂಟಿಸಿದ ‘ಗಿಫಾರ್’ ಎಂಬ ಇಬ್ಬಂದಿಯನ್ನು 2008ರಲ್ಲೇ ತೋರಿಸಿದ್ದರು. ಆದ್ದರಿಂದ ತಲೆ ನೋಡಿ ಜಾತಿ ತಿಳಿಯಿರಿ, ಆಮೇಲೆ ಪೂರ್ತಿ ಚಿತ್ರವನ್ನು ಬಿಚ್ಚಿ, ಹೊಸದಾಗಿ ಜೆಪಿಜಿ ಮಾಡಿ ಇಟ್ಟುಕೊಳ್ಳಿ. ಬಿಚ್ಚಲು ಬಾರದ್ದನ್ನು ಆಗಲೇ, ಆ ಹುಡುಗಿ ಕಂಪ್ಯೂಟರ್ ಮುಂದೆ ಕೂತಿರುವಾಗಲೇ ವಾಪಸು ಕೊಡಿ. ‘ಇನ್‌ವ್ಯಾಲಿಡ್ ಫೈಲ್’ ಅಂತ ಬೈಯಬೇಡಿ, “ಇದರ ಹೆಸರು ಮಾತ್ರ ಜೆಪಿಜಿ, ಒಳಗಿರುವುದು ಬೇರೆ” ಅಂತ ಕನ್ನಡದಲ್ಲಿ ಹೇಳಿ.

ಇನ್ನೂ ಒಂದು ಮಾತು. ವೆಬ್‌ಪಿ, ಹೈಕ್ ಅಂದರೇನು ಅಂತ ಅರ್ಜಿ ಹಾಕುವವರು ಯಾಕೆ ಕಲಿಯಬೇಕು? 2017ರಿಂದ ಹೊಸ ಐಫೋನುಗಳು ಹೈಕ್‌ನಲ್ಲೇ ಫೋಟೊ ಉಳಿಸುತ್ತಿವೆ, ಅದು ಫೋನ್ ಹಿಡಿದವರ ತಪ್ಪೇ? ರೂಪ ಬದಲಿಸುವುದು ಸರ್ವರಿನ ಕೆಲಸ. ನಿಮ್ಮ ನಾಲ್ಕು ಸಾಲು ಕೋಡಿನ ಸೋಮಾರಿತನಕ್ಕೆ ಹಳ್ಳಿಯವರು ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿ ದಂಡ ಕಟ್ಟಬೇಕೆ?

ಓದುತ್ತಿರುವವರಲ್ಲಿ ಕೋಡ್ ಬರೆಯುವವರು ಬಹಳ ಮಂದಿ ಇದ್ದೀರಿ. ಒಂದು ಕೆಲಸ ಮಾಡಿ. ಒಂದು ಪಿಎನ್‌ಜಿ ಚಿತ್ರಕ್ಕೆ ‘.ಜೆಪಿಜಿ’ ಬಾಲ ಅಂಟಿಸಿ, ನೀವೇ ಬರೆದ ತಾಣಕ್ಕೆ ಇವತ್ತೇ ಹಾಕಿ ನೋಡಿ. ಏನಾಯಿತು ಅಂತ ಕೆಳಗೆ ಬರೆಯಿರಿ. ನುಂಗಿಬಿಟ್ಟಿತು ಅಂತಾದರೆ ಬರೆಯುವ ಮೊದಲು ಸರಿಮಾಡಿ ಬನ್ನಿ :-)